ಅಪಾಯವೂ ಅಪಾಯದ ಅಳುಕೂ

1967ನೆಯ ಇಸವಿ ಸೆಪ್ಟೆಂಬರ್ ತಿಂಗಳ 3ನೆಯ ತಾರೀಖು, ಭಾನುವಾರ. ಬೆಳಗಿನ ಜಾವ ಐದು ಗಂಟೆಗೆ ಇನ್ನು ಹತ್ತು ನಿಮಿಷವಿದ್ದಾಗ ಸ್ವೀಡನ್ ದೇಶದ ರಸ್ತೆಗಳ ಮೇಲಿದ್ದ ವಾಹನಗಳೆಲ್ಲವೂ ಇದ್ದಲ್ಲಿಯೇ ನಿಂತವು. ಬಳಿಕ ಮೆಲ್ಲಮೆಲ್ಲನೆ ರಸ್ತೆಯ ಎಡಮಗ್ಗುಲಿನಿಂದ ಬಲಮಗ್ಗುಲಿಗೆ ಸರಿದು ಮತ್ತೊಮ್ಮೆ ನಿಂತವು. ಗಡಿಯಾರ ಐದು ಹೊಡೆಯಿತು. ವಾಹನಗಳು ಮುಂದಕ್ಕೆ ಹೊರಟವು. ಇನ್ನೂರು ವರ್ಷಗಳಿಗೂ ಮಿಕ್ಕು ರಸ್ತೆಯ ಎಡಗಡೆಯಲ್ಲಿ ಸಾಗಿಬಂದಿದ್ದ ಜನ ಹತ್ತು ನಿಮಿಷಗಳಲ್ಲಿ ಬಲಗಡೆಯ ಜನವಾದರು.

ಇದು ಅವರು ಬಯಸಿ ಪಡೆದ ಬದಲಾವಣೆಯೇನೂ ಅಲ್ಲ. 1955ರಲ್ಲಿ ಈ ವಿಷಯವಾಗಿ ಜನಮತವನ್ನು ಕೇಳಿದಾಗ ಶೇಕಡ 80ಕ್ಕಿಂತ ಹೆಚ್ಚು ಮಂದಿ ಕೂಡದೆಂದೇ ಹೇಳಿದ್ದರು. ಆದರೆ ನೆರೆಯ ನಾರ್ವೆ, ಫಿನ್ಲೆಂಡುಗಳಲ್ಲಿ ವಾಹನಗಳು ಬಲಗಡೆ ಸಾಗುತ್ತಿದ್ದವು. ಸ್ವೀಡನ್ನಿನ ಬಹುಪಾಲು ಕಾರುಗಳಲ್ಲಿಯೂ ಚಾಲಕನ ಪೀಠ ಎಡಗಡೆಯೇ ಇದ್ದಿತು. ಎಡಗಡೆ ಕುಳಿತು ಎಡಗಡೆಯಲ್ಲಿಯೇ ಸಾಗುವವನಿಗೆ ಮುಂದಿನ ಲಾರಿಯನ್ನು ಹಿಂದಿಕ್ಕುವಾಗ ಎದುರಿನಿಂದ ಏನು ಬರುತ್ತಿದೆಯೆಂಬುದು ಕಾಣದು. ಹೀಗಾಗಿ 1963ರಲ್ಲಿ ಅಲ್ಲಿನ ಸಂಸತ್ತು ಜನಮತವನ್ನು ಬದಿಗಿಟ್ಟು ಈ ನಿರ್ಧಾರವನ್ನು ಕೈಗೊಂಡಿತು.

ಅಂದು ಏನಾಗುವುದೆಂದು ಯಾರಾದರೂ ಊಹಿಸಬಹುದಾಗಿತ್ತು. ಬಲಗಡೆಯ ಅಭ್ಯಾಸ ಕೈಗೂ ಇಲ್ಲ, ಕಣ್ಣಿಗೂ ಇಲ್ಲ. ಅಡ್ಡರಸ್ತೆಯಲ್ಲಿ ಮೊದಲು ಯಾವ ಕಡೆ ನೋಡಬೇಕೆಂಬುದೂ ತಲೆಕೆಳಗಾಗಿದೆ. ಇಂಥ ಲಕ್ಷಾಂತರ ಮಂದಿ ಒಂದೇ ದಿನ ರಸ್ತೆಗಿಳಿದರೆ ಅನಾಹುತವಲ್ಲದೆ ಮತ್ತೇನು? ಆದರೆ ನಡೆದದ್ದು ಬೇರೆ. ಮರುದಿನ ಸೋಮವಾರ ವರದಿಯಾದ ಅಪಘಾತಗಳ ಸಂಖ್ಯೆ 125. ಹಿಂದಿನ ಸೋಮವಾರಗಳಲ್ಲಿ ಅದು 130ರಿಂದ 198ರ ವರೆಗೆ ಇರುತ್ತಿದ್ದಿತು. ಆ 125ರಲ್ಲಿ ಒಂದೂ ಪ್ರಾಣವನ್ನು ತೆಗೆದುದಲ್ಲ. ವಿಮಾ ಕಂಪನಿಗಳಿಗೆ ಬರುತ್ತಿದ್ದ ಮೋಟಾರು ಪರಿಹಾರದ ಅರ್ಜಿಗಳು ಶೇಕಡ 40ರಷ್ಟು ಇಳಿದುವು. 1966ರಲ್ಲಿ ಸ್ವೀಡನ್ನಿನ ರಸ್ತೆಗಳಲ್ಲಿ 1,313 ಮಂದಿ ಮಡಿದಿದ್ದರು. 1967ರಲ್ಲಿ 1,077 ಮಂದಿ. ಅಭ್ಯಾಸ ತಪ್ಪಿದ ವರ್ಷವೇ ಜನ ಕಡಿಮೆ ಸತ್ತರು!

ಈ ಸೋಜಿಗದ ಆಯುಸ್ಸು ಬಹಳ ದಿನದ್ದಾಗಲಿಲ್ಲ. ಆರು ವಾರ ಕಳೆಯುವಷ್ಟರಲ್ಲಿ ವಿಮಾ ಅರ್ಜಿಗಳು ಹಳೆಯ ಮಟ್ಟವನ್ನು ಮುಟ್ಟಿದುವು. 1969ರ ವೇಳೆಗೆ ಅಪಘಾತಗಳ ಪ್ರಮಾಣವೂ ಮೊದಲಿನಂತೆಯೇ ಆಯಿತು.

ಇದರ ಅರ್ಥವೇನು? ಆ ಭಾನುವಾರ ರಸ್ತೆಗಳು ಅಗಲವಾಗಲಿಲ್ಲ, ಕಾರುಗಳು ಗಟ್ಟಿಯಾಗಲಿಲ್ಲ, ಚಾಲಕರ ಕೌಶಲ ಹೆಚ್ಚಲಿಲ್ಲ. ಕೌಶಲವು ಕುಗ್ಗಿದ್ದಿತೆಂದೇ ಹೇಳಬೇಕು. ಹೆಚ್ಚಿದ್ದು ಒಂದೇ, ಅಳುಕು. ಇಂದು ಏನಾದರೂ ಆದೀತೆಂಬ ಎಚ್ಚರಿಕೆ ಪ್ರತಿಯೊಬ್ಬನ ಎದೆಯಲ್ಲಿಯೂ ಇದ್ದಿತು. ಅಳುಕು ಅಪಾಯಕ್ಕಿಂತ ದೊಡ್ಡದಾಗಿದ್ದಷ್ಟು ದಿನ ಜನ ಉಳಿದರು. ಅದು ಕರಗಿದಂತೆ ಹಳೆಯ ಲೆಕ್ಕಕ್ಕೆ ಮರಳಿದರು. ಆ ದಿನಗಳಲ್ಲಿ ವೇಗಮಿತಿಯನ್ನು ತಾತ್ಕಾಲಿಕವಾಗಿ ತಗ್ಗಿಸಲಾಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಇಳಿತದ ಒಂದು ಪಾಲು ಅದಕ್ಕೂ ಸಲ್ಲಬೇಕಾದುದು. ಆದರೂ ಆ ವರ್ಷದ ಇನ್ನೊಂದು ಘಟನೆಯನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ಅಳುಕಿನ ಮಾತನ್ನು ತಳ್ಳಿಹಾಕುವುದು ಕಷ್ಟವಾಗುತ್ತದೆ.

ಸ್ವೀಡನ್ನಿನ ಆ ಮುಂಜಾವಾಗಿ ಸರಿಯಾಗಿ 36 ದಿನಗಳಿಗೆ, ಅಂದರೆ ಅಕ್ಟೋಬರ್ 9ರಂದು, ಬ್ರಿಟನ್ನಿನಲ್ಲಿ ಹೊಸದೊಂದು ಕಾಯಿದೆ ಜಾರಿಗೆ ಬಂದಿತು. 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದವನು ವಾಹನ ನಡೆಸಿದರೆ, ಅವನು ತೂರಾಡಲಿ ಬಿಡಲಿ, ಅದು ಅಪರಾಧ. ಈ 80ರ ಅಂಕಿ ಗಾಳಿಯಿಂದ ಬಂದುದಲ್ಲ. ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ ಮತ್ತು ಸಂಗಡಿಗರು ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಅಪಘಾತಕ್ಕೀಡಾದ ಚಾಲಕರನ್ನೂ, ಅದೇ ರಸ್ತೆಗಳಲ್ಲಿ ಕ್ಷೇಮವಾಗಿ ಸಾಗುತ್ತಿದ್ದ ಚಾಲಕರನ್ನೂ ಪರೀಕ್ಷಿಸಿ ಹೋಲಿಸಿದ್ದರು. ಮದ್ಯಸಾರ ಈ ಮಟ್ಟವನ್ನು ದಾಟಿದಂತೆ ಅಪಘಾತದ ಸಂಭವ ಕಡಿದಾಗಿ ಏರುವುದೆಂದು 1964ರಲ್ಲಿ ಹೊರಬಂದ ಅವರ ವರದಿ ತೋರಿಸಿಕೊಟ್ಟಿತು.

ರಕ್ತದ ಮದ್ಯಸಾರವನ್ನು ರಸ್ತೆಯ ಬದಿಯಲ್ಲಿ ನಿಂತು ಅಳೆಯುವುದೆಂತು? ಇಲ್ಲಿ ರಸಾಯನಶಾಸ್ತ್ರ ನೆರವಿಗೆ ಬಂದಿತು. ಶ್ವಾಸಕೋಶದಲ್ಲಿ ರಕ್ತಕ್ಕೂ ಗಾಳಿಗೂ ನಡುವೆ ಇರುವುದು ಬಲು ತೆಳುವಾದ ಪೊರೆ. ರಕ್ತದಲ್ಲಿರುವ ಮದ್ಯಸಾರದ ಒಂದು ನಿಯತ ಪಾಲು ಆವಿಯಾಗಿ ಉಸಿರಿಗೆ ಸೇರುತ್ತದೆ. ಸುಮಾರು 2,100 ಮಿಲಿಲೀಟರ್ ಉಸಿರಿನಲ್ಲಿ ಇರುವಷ್ಟು ಮದ್ಯಸಾರವೇ 1 ಮಿಲಿಲೀಟರ್ ರಕ್ತದಲ್ಲಿಯೂ ಇರುವುದೆಂದು ಲೆಕ್ಕ. ಪೊಲೀಸನು ಚಾಲಕನ ಬಾಯಿಗೆ ಒಂದು ಗಾಜಿನ ನಳಿಗೆಯನ್ನಿಟ್ಟು, ಅದರ ಇನ್ನೊಂದು ತುದಿಯಲ್ಲಿರುವ ಚೀಲ ಉಬ್ಬುವಂತೆ ಊದಿಸುತ್ತಾನೆ. ನಳಿಗೆಯಲ್ಲಿ ಗಂಧಕಾಮ್ಲದಲ್ಲಿ ನೆನೆದ ಪೊಟ್ಯಾಸಿಯಂ ಡೈಕ್ರೋಮೇಟಿನ ಹಳದಿ ಹರಳುಗಳಿವೆ. ಮದ್ಯಸಾರವು ಡೈಕ್ರೋಮೇಟಿನಿಂದ ಆಕ್ಸಿಜನ್ನನ್ನು ಕಸಿದುಕೊಳ್ಳುತ್ತದೆ. ಕ್ರೋಮಿಯಂ ತನ್ನ ಹಳದಿ ರೂಪವನ್ನು ಬಿಟ್ಟು ಹಸಿರು ರೂಪವನ್ನು ತಾಳುತ್ತದೆ. ಹಸಿರು ಬಣ್ಣ ನಳಿಗೆಯ ಗೆರೆಯನ್ನು ದಾಟಿದರೆ ಚಾಲಕನ ನಡೆ ಠಾಣೆಯ ಕಡೆಗೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ಕಂಡಿರುವ ಪ್ರತಿಕ್ರಿಯೆಯೇ ಇದು. ಕೆಲಸ ಮಾತ್ರ ಬೇರೆ.

ಕಾಯಿದೆಯನ್ನು ತಂದ ಸಾರಿಗೆ ಮಂತ್ರಿಣಿ ಬಾರ್ಬರಾ ಕ್ಯಾಸಲ್ ಸ್ವತಃ ವಾಹನ ನಡೆಸುತ್ತಿರಲಿಲ್ಲ. ಓಡಿಸಲು ಬಾರದವಳಿಗೆ ಓಡಿಸುವವರ ಕಷ್ಟ ಏನು ತಿಳಿದೀತೆಂದು ಆಕೆಯನ್ನು ಹಂಗಿಸಿದವರಿದ್ದರು. ಆದರೆ ಫಲ ಎದ್ದು ಕಾಣುವಂತಿದ್ದಿತು. ಮೊದಲ ಹನ್ನೆರಡು ತಿಂಗಳಲ್ಲಿ ಸಾವಿರಕ್ಕಿಂತ ಹೆಚ್ಚು ಸಾವುಗಳು ತಪ್ಪಿದುವೆಂದು ಸರಕಾರ ಲೆಕ್ಕ ಕೊಟ್ಟಿತು. ಸರಕಾರ ತನ್ನ ಕಾಯಿದೆಯನ್ನು ತಾನೇ ಹೊಗಳಿಕೊಳ್ಳುವುದು ಸಹಜ. ಅದನ್ನು ಒರೆಗೆ ಹಚ್ಚಿದವರು ಅಮೆರಿಕದ ಎಚ್. ಲಾರೆನ್ಸ್ ರಾಸ್, ಡೊನಾಲ್ಡ್ ಕ್ಯಾಂಬೆಲ್ ಮೊದಲಾದ ಸಮಾಜವಿಜ್ಞಾನಿಗಳು. ಅವರು ಹೂಡಿದ ಉಪಾಯ ಸರಳವಾದರೂ ಚೊಕ್ಕವಾದುದು. ಇಳಿತಕ್ಕೆ ಕಾರಣ ಈ ಕಾಯಿದೆಯೇ ಆಗಿದ್ದರೆ, ಜನ ಕುಡಿದು ಮನೆಗೆ ಮರಳುವ ವಾರಾಂತ್ಯದ ರಾತ್ರಿಗಳಲ್ಲಿ ಅದು ಹೆಚ್ಚಾಗಿ ಕಾಣಬೇಕು. ಮದ್ಯದಂಗಡಿಗಳು ಮುಚ್ಚಿರುವ, ಜನ ಕೆಲಸಕ್ಕೆ ಹೋಗಿಬರುವ ಹೊತ್ತಿನಲ್ಲಿ ಕಾಣಬಾರದು. ಅಂಕಿಗಳನ್ನು ಗಂಟೆಗಂಟೆಗೂ ಬೇರ್ಪಡಿಸಿ ನೋಡಿದರೆ ಹಾಗೆಯೇ ಇದ್ದಿತು. ಶುಕ್ರವಾರ, ಶನಿವಾರಗಳ ರಾತ್ರಿಯ ರೇಖೆ ಕಡಿದಾಗಿ ಕೆಳಗೆ ಬಿದ್ದಿತ್ತು. ಹಗಲಿನ ರೇಖೆ ಅಲುಗಿರಲಿಲ್ಲ.

ಆದರೆ ಆ ರೇಖೆಯೂ ಕೆಲವು ವರ್ಷಗಳಲ್ಲಿ ಮತ್ತೆ ಮೇಲೇರಿತು. ಕಾಯಿದೆ ಸಡಿಲವಾಗಿರಲಿಲ್ಲ, ನಳಿಗೆಯ ಹರಳುಗಳು ಮಾಸಿರಲಿಲ್ಲ. ಹೊಸದರಲ್ಲಿ ಮೂಲೆಮೂಲೆಗೂ ಪೊಲೀಸನು ನಳಿಗೆ ಹಿಡಿದು ನಿಂತಿರುವನೆಂದು ಜನ ನಂಬಿದ್ದರು. ವಾರ ಕಳೆಯಿತು, ತಿಂಗಳು ಕಳೆಯಿತು. ಎರಡು ಲೋಟ ಹಾಕಿಕೊಂಡು ಮನೆ ಸೇರಿದವನನ್ನು ಯಾರೂ ತಡೆಯಲಿಲ್ಲ. ಸಿಕ್ಕಿಬೀಳುವ ಸಂಭವ ತಾನು ಎಣಿಸಿದುದಕ್ಕಿಂತ ಎಷ್ಟೋ ಕಡಿಮೆಯೆಂಬುದನ್ನು ಅವನು ಯಾರೂ ಹೇಳಿಕೊಡದೆಯೇ ಕಲಿತನು. ಶಿಕ್ಷೆಯ ಉಗ್ರತೆಗಿಂತ ಅದು ತಪ್ಪದೆ ಬರುವುದೆಂಬ ಖಾತರಿಯೇ ಅಪರಾಧವನ್ನು ಹೆಚ್ಚಾಗಿ ತಡೆಯುವುದೆಂದು ಇಟಲಿಯ ಬೆಕಾರಿಯ 1764ರಲ್ಲಿಯೇ ಬರೆದಿದ್ದನು. ಎರಡು ಶತಮಾನಗಳ ಮೇಲೆ ಬ್ರಿಟನ್ನಿನ ಶನಿವಾರದ ರಾತ್ರಿಗಳು ಅದಕ್ಕೆ ಸಾಕ್ಷಿ ನುಡಿದುವು.

ಹಾಗಾದರೆ ಅಳುಕು ಏಕೆ ಕರಗುತ್ತದೆ? ಅಪಾಯ ನಿಜವಾಗಿಯೂ ಇರುವಾಗ ಅದು ಕಣ್ಣಿಗೆ ಏಕೆ ಕಾಣಿಸದು? ಇಲ್ಲಿ ನಾವು ಸ್ವಲ್ಪ ತಡೆದು ಒಂದು ಲೆಕ್ಕವನ್ನು ಮಾಡೋಣ. ಎರಡು ಕಾರುಗಳು ಅಕ್ಕಪಕ್ಕದಲ್ಲಿ ಹೋಗುತ್ತಿವೆ, ಒಂದು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ, ಇನ್ನೊಂದು 60ರಲ್ಲಿ. ಎರಡೂ ಸಮವಾಗಿ ಬಂದ ಕ್ಷಣದಲ್ಲಿ ಮುಂದೆ 28 ಮೀಟರ್ ದೂರದಲ್ಲಿ ಮಗುವೊಂದು ರಸ್ತೆಗೆ ಓಡಿಬರುತ್ತದೆ. ಇಬ್ಬರು ಚಾಲಕರೂ ಚುರುಕಾದವರೇ. ಕಂಡ 1 ಸೆಕೆಂಡಿಗೆ ಕಾಲು ಬ್ರೇಕಿನ ಮೇಲೆ ಬೀಳುತ್ತದೆ. ಒಣಗಿದ, ಒಳ್ಳೆಯ ರಸ್ತೆ. ಬ್ರೇಕು ಹಿಡಿದ ಮೇಲೆ ಪ್ರತಿ ಸೆಕೆಂಡಿನಲ್ಲಿಯೂ ವೇಗವು ಸೆಕೆಂಡಿಗೆ 7 ಮೀಟರಿನಂತೆ ಇಳಿಯುತ್ತದೆ ಎನ್ನೋಣ.

ಮೊದಲನೆಯ ಕಾರಿನ ವೇಗ ಸೆಕೆಂಡಿಗೆ 13.9 ಮೀಟರ್. ಚಾಲಕನ ಮೆದುಳು ಕಾಲಿಗೆ ಆಜ್ಞೆ ಕಳುಹಿಸುವಷ್ಟರಲ್ಲಿ ಕಾರು 13.9 ಮೀಟರ್ ಸಾಗಿರುತ್ತದೆ. ಬ್ರೇಕು ಹಿಡಿದ ಮೇಲೆ ಇನ್ನು 13.8 ಮೀಟರ್. ಒಟ್ಟು 27.7 ಮೀಟರ್. ಮಗುವಿನ ಮುಂದೆ ಒಂದು ಗೇಣಿನಷ್ಟು ಜಾಗವನ್ನು ಬಿಟ್ಟು ಕಾರು ನಿಲ್ಲುತ್ತದೆ. ಎರಡನೆಯದರ ಗತಿಯೇನು? ಮೊದಲ ಸೆಕೆಂಡಿನಲ್ಲಿಯೇ ಅದು 16.7 ಮೀಟರ್ ನುಂಗಿಬಿಟ್ಟಿದೆ. ಉಳಿದ ಹನ್ನೊಂದು ಚಿಲ್ಲರೆ ಮೀಟರುಗಳಲ್ಲಿ ಅದರ ವೇಗ ಎಷ್ಟು ಇಳಿಯುವುದೆಂಬುದನ್ನು ಹೈಸ್ಕೂಲಿನ ಸೂತ್ರದಿಂದಲೇ ತಿಳಿಯಬಹುದು: ಮೊದಲ ವೇಗದ ವರ್ಗದಿಂದ ವೇಗನಷ್ಟ ಮತ್ತು ದೂರಗಳ ಗುಣಲಬ್ಧದ ಇಮ್ಮಡಿಯನ್ನು ಕಳೆಯಬೇಕು. ಬರುವ ಉತ್ತರ ಗಂಟೆಗೆ ಸುಮಾರು 40 ಕಿಲೋಮೀಟರ್. ಮೊದಲನೆಯ ಕಾರು ನಿಂತ ಸ್ಥಳದಲ್ಲಿ ಎರಡನೆಯದು 40 ಕಿಲೋಮೀಟರ್ ವೇಗದಿಂದ ಮಗುವನ್ನು ಬಡಿಯುತ್ತದೆ. ಹತ್ತು ಕಿಲೋಮೀಟರ್ ಹೆಚ್ಚಿಗೆ ಹೋದುದಕ್ಕೆ ಹತ್ತು ಕಿಲೋಮೀಟರಿನ ಪೆಟ್ಟಲ್ಲ, ನಲವತ್ತರ ಪೆಟ್ಟು.

ಈ ಲೆಕ್ಕ ಯಾವ ಚಾಲಕನ ಅನುಭವಕ್ಕೂ ಬರುವುದಿಲ್ಲ. ಏಕೆಂದರೆ ಮಗು ಸಾಮಾನ್ಯವಾಗಿ ಓಡಿಬರುವುದಿಲ್ಲ! ತಿರುವಿನಲ್ಲಿ ಬಸ್ಸನ್ನು ಹಿಂದಿಕ್ಕಿದವನಿಗೆ ಎದುರಿನಿಂದ ಲಾರಿ ಬಾರದೆ ಹೋದರೆ, ಅವನು ಎರಡು ನಿಮಿಷ ಮುಂಚೆ ಊರನ್ನು ಸೇರುತ್ತಾನೆ. ಪ್ರತಿಫಲ ಕೈಯಲ್ಲಿದೆ, ದಂಡ ಕಾಣುತ್ತಿಲ್ಲ. ಇದೇ ಆಟ ನೂರು ಸಲ, ಸಾವಿರ ಸಲ ನಡೆದರೆ ಅವನ ಮನಸ್ಸು ಕಲಿಯುವ ಪಾಠವೇನು? ಇದು ಅಪಾಯವಲ್ಲ, ಇದು ನನ್ನ ಕೌಶಲ. ತಪ್ಪಿದ ಅಪಘಾತಗಳೇ ಅವನಿಗೆ ಗುರುಗಳು; ಅವು ಕಲಿಸುವುದು ತಪ್ಪುಪಾಠವನ್ನೇ. ಸ್ವೀಡನ್ನಿನ ಮನೋವಿಜ್ಞಾನಿ ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನೆನೆಯಬಹುದು. ಚಾಲನೆಯ ಕೌಶಲದಲ್ಲಿ ನಿಮ್ಮ ಸ್ಥಾನ ಎಲ್ಲಿ ಎಂದು ವಿದ್ಯಾರ್ಥಿಗಳನ್ನು ಕೇಳಿದಾಗ, ಅಮೆರಿಕದವರಲ್ಲಿ ಶೇಕಡ 93 ಮಂದಿಯೂ ಸ್ವೀಡನ್ನಿನವರಲ್ಲಿ ಶೇಕಡ 69 ಮಂದಿಯೂ ತಾವು ಗುಂಪಿನ ಮೇಲಿನ ಅರ್ಧಕ್ಕೆ ಸೇರಿದವರೆಂದು ಉತ್ತರವಿತ್ತರು. ಅರ್ಧದಲ್ಲಿ ಶೇಕಡ 93 ಮಂದಿ ಹಿಡಿಸುವುದು ಯಾವ ಗಣಿತದಲ್ಲಿಯೂ ಸಾಧ್ಯವಿಲ್ಲ. ನಮ್ಮ ಊರಿನಲ್ಲಿ ಕೇಳಿದ್ದರೆ ಉತ್ತರ ಇದಕ್ಕಿಂತ ವಿನಯವಾಗಿರುತ್ತಿತ್ತೆಂದು ನಮಗೆ ತೋರುವುದಿಲ್ಲ.

ಮನಸ್ಸಿನಂತೆ ಕಣ್ಣೂ ಮೋಸ ಹೋಗುತ್ತದೆ. ವೇಗವನ್ನು ನಾವು ತಿಳಿಯುವುದು ಬಹುಮಟ್ಟಿಗೆ ಅಕ್ಕಪಕ್ಕದ ಮರ, ಕಂಬ, ಗೋಡೆಗಳು ಹಿಂದಕ್ಕೆ ಸರಿಯುವ ರಭಸದಿಂದ. ಕಿರಿದಾದ ಬೀದಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಎಂದರೆ ಎದೆ ಹಾರುತ್ತದೆ. ಅಂಚುಗಳು ದೂರವಿರುವ ವಿಶಾಲವಾದ ಹೆದ್ದಾರಿಯಲ್ಲಿ 100 ಕೂಡ ತೆವಳಿದಂತೆ ತೋರುತ್ತದೆ. ಬಹಳ ಹೊತ್ತು ಒಂದೇ ವೇಗದಲ್ಲಿ ಸಾಗಿದರಂತೂ ಕಣ್ಣು ಅದಕ್ಕೆ ಒಗ್ಗಿಹೋಗಿ, ಊರು ಬಂದಾಗ ತಾನು ಸಾಕಷ್ಟು ನಿಧಾನಿಸಿದ್ದೇನೆಂದು ಚಾಲಕನು ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಈ ಮೋಸವನ್ನು ಮೋಸದಿಂದಲೇ ಗೆಲ್ಲಲು 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಂಶೋಧಕ ಡೆಂಟನ್ ಒಂದು ಹಂಚಿಕೆಯನ್ನು ಹೂಡಿದನು. ವೃತ್ತವೊಂದು ಹತ್ತಿರವಾದಂತೆ ರಸ್ತೆಗೆ ಅಡ್ಡಲಾಗಿ ಹಳದಿ ಗೆರೆಗಳನ್ನು ಬಳಿಸಿ, ಗೆರೆಗಳ ನಡುವಿನ ಅಂತರವನ್ನು ಬರಬರುತ್ತ ಕಿರಿದುಮಾಡಿದನು. ಒಂದೇ ವೇಗದಲ್ಲಿ ಬರುವವನಿಗೂ ತನ್ನ ವೇಗ ಏರುತ್ತಿರುವಂತೆ ಭಾಸವಾಗಿ ಕಾಲು ತಾನಾಗಿ ಬ್ರೇಕಿನ ಕಡೆಗೆ ಹೋಗುತ್ತದೆ.

ಇಷ್ಟಾದ ಮೇಲೆ ನಾವು ಒಂದು ಅಹಿತಕರವಾದ ವಾದವನ್ನು ಎದುರಿಸಲೇಬೇಕು. ಚಾಲಕನು ನಡೆಯುವುದು ತನಗೆ ತೋರುವ ಅಪಾಯಕ್ಕೆ ತಕ್ಕಂತೆ ಆದರೆ, ವಾಹನವನ್ನು ಹೆಚ್ಚು ಸುರಕ್ಷಿತವಾಗಿ ಮಾಡಿದಷ್ಟೂ ಅವನು ಹೆಚ್ಚು ವೇಗವಾಗಿ ಓಡಿಸುವುದಿಲ್ಲವೆ? ಉಳಿಸಿದ ಸುರಕ್ಷತೆಯನ್ನು ಅವನು ವೇಗವಾಗಿ ಖರ್ಚು ಮಾಡುವುದಿಲ್ಲವೆ? ಷಿಕಾಗೊ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ಈ ಮಾತನ್ನು ಅಂಕಿಗಳ ಸಹಿತ ಮುಂದಿಟ್ಟನು. ಅಮೆರಿಕದ ಸುರಕ್ಷತಾ ನಿಯಮಗಳಿಂದ ಕಾರಿನೊಳಗೆ ಉಳಿದ ಜೀವಗಳಿಗೆ ಬದಲಾಗಿ ಕಾರಿನ ಹೊರಗೆ ಪಾದಚಾರಿಗಳು ಸತ್ತರು, ಒಟ್ಟಿನಲ್ಲಿ ಲಾಭವಿಲ್ಲ ಎಂಬುದು ಅವನ ತೀರ್ಮಾನ. ಕೆನಡದ ಜೆರಾಲ್ಡ್ ವೈಲ್ಡ್ ಇನ್ನೂ ಮುಂದೆ ಹೋದನು. ಪ್ರತಿಯೊಬ್ಬನೂ ತನಗೆ ಒಗ್ಗುವ ಅಪಾಯದ ಮಟ್ಟವೊಂದನ್ನು ಒಳಗೇ ಇಟ್ಟುಕೊಂಡಿರುವನು. ಹೊರಗೆ ಏನೇ ಬದಲಾದರೂ ಅವನು ತನ್ನ ನಡೆಯನ್ನು ಹೆಚ್ಚುಕಡಿಮೆ ಮಾಡಿಕೊಂಡು ಅದೇ ಮಟ್ಟಕ್ಕೆ ಮರಳುವನು ಎಂದನು.

ಈ ಪಕ್ಷಕ್ಕೆ ದೊರೆತ ಅತ್ಯಂತ ಸ್ವಾರಸ್ಯಕರವಾದ ಪುರಾವೆ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳದು. 1980ರ ದಶಕದಲ್ಲಿ ಅಲ್ಲಿನ ಒಂದು ಟ್ಯಾಕ್ಸಿ ಕಂಪನಿಯ ಒಂದೇ ಮಾದರಿಯ ಕಾರುಗಳಲ್ಲಿ ಕೆಲವಕ್ಕೆ ಚಕ್ರ ಜಾರದಂತೆ ತಡೆಯುವ ಹೊಸ ಬ್ರೇಕು ಇದ್ದಿತು, ಕೆಲವಕ್ಕೆ ಇರಲಿಲ್ಲ. ಹೊಸ ಬ್ರೇಕಿನ ಕಾರುಗಳಿಗೆ ಅಪಘಾತಗಳು ಕಡಿಮೆಯಾದುವೆ? ಇಲ್ಲ. ಪ್ರಯಾಣಿಕರಂತೆ ಹತ್ತಿ ಕುಳಿತು, ಚಾಲಕನಿಗೆ ತಿಳಿಯದಂತೆ ಅವನ ನಡೆಯನ್ನು ಗುರುತು ಹಾಕಿಕೊಂಡ ವೀಕ್ಷಕರು ಕಾರಣವನ್ನು ಕಂಡುಕೊಂಡರು. ಒಳ್ಳೆಯ ಬ್ರೇಕಿದ್ದವರು ತಿರುವುಗಳನ್ನು ಹೆಚ್ಚು ರಭಸದಿಂದ ತೆಗೆದುಕೊಳ್ಳುತ್ತಿದ್ದರು, ಮುಂದಿನ ವಾಹನಕ್ಕೆ ಹೆಚ್ಚು ಅಂಟಿಕೊಂಡು ಹೋಗುತ್ತಿದ್ದರು. ಮುಂದೆ, ಅಪಘಾತವಾದರೆ ರಿಪೇರಿಯ ಖರ್ಚಿನಲ್ಲಿ ಒಂದು ಪಾಲನ್ನು ಚಾಲಕರೇ ಹೊರಬೇಕೆಂದು ಕಂಪನಿ ಹೇಳಿದ ಮೇಲೆ ಅಪಘಾತಗಳು ಇಳಿದುವು!

ಹಾಗಾದರೆ ಸುರಕ್ಷತೆಯ ಪ್ರಯತ್ನವೆಲ್ಲ ನೀರಿನಲ್ಲಿ ಹೋಮವೆ? ಹಾಗೆಂದು ನಾವು ಒಪ್ಪುವುದಿಲ್ಲ. ಪೆಲ್ಟ್ಸ್‌ಮನ್ನನ ಅಂಕಿಗಳನ್ನು ಮುಂದೆ ಅನೇಕರು ಪರಿಶೀಲಿಸಿದ್ದಾರೆ; ಲಾಭದ ಒಂದು ಪಾಲು ಹೀಗೆ ಸೋರಿಹೋಗಬಹುದು, ಪೂರ್ತಿಯಾಗಿ ಸೋರಿಹೋಗುವುದಿಲ್ಲ ಎಂಬುದೇ ಬಹುಮಂದಿಯ ಅಭಿಪ್ರಾಯ. ಬ್ರೇಕಿನ ವಿಷಯದಲ್ಲಿ ನಿಜವಾದುದು ಸೀಟ್ ಬೆಲ್ಟಿನ ವಿಷಯದಲ್ಲಿ ಅಷ್ಟಾಗಿ ನಿಜವಾಗಲಿಲ್ಲ. ಸ್ವೀಡನ್ನಿನ ನಿಲ್ಸ್ ಬೊಹ್ಲಿನ್ ಎಂಬ ಎಂಜಿನಿಯರು ಯುದ್ಧವಿಮಾನದ ಚಾಲಕನನ್ನು ಹೊರಕ್ಕೆ ಚಿಮ್ಮಿಸುವ ಆಸನಗಳ ರಚನೆಯಲ್ಲಿ ಕೆಲಸ ಮಾಡಿದ್ದವನು. ಆಮೇಲೆ ವೋಲ್ವೊ ಕಂಪನಿಗೆ ಬಂದು, ಮನುಷ್ಯನನ್ನು ಆಸನಕ್ಕೆ ಬಿಗಿಯುವ ಪಟ್ಟಿಯನ್ನು ರೂಪಿಸಿದನು. ಭುಜದಿಂದ ಎದೆಯ ಮೇಲೆ ಹಾಯ್ದು, ಸೊಂಟವನ್ನು ಬಳಸಿ, ಮೂರು ಕಡೆ ಹಿಡಿಯುವ ಈ ಪಟ್ಟಿ 1959ರಲ್ಲಿ ಕಾರುಗಳಿಗೆ ಬಂದಿತು. ಕಂಪನಿ ಅದರ ಸ್ವಾಮ್ಯವನ್ನು ತಾನೇ ಇಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟಿತು. 1970ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ ಅದನ್ನು ಧರಿಸುವುದನ್ನು ಕಡ್ಡಾಯ ಮಾಡಿತು. ಕಾರಿನ ಮುಂದಿನ ಆಸನದಲ್ಲಿ ಕುಳಿತವನಿಗೆ ಅಪಘಾತದಲ್ಲಿ ಸಾವಿನ ಸಂಭವವನ್ನು ಈ ಪಟ್ಟಿ ಸುಮಾರು ಶೇಕಡ 45ರಷ್ಟು ತಗ್ಗಿಸುವುದೆಂದು ಅಮೆರಿಕದ ಲೆಕ್ಕ. ದ್ವಿಚಕ್ರ ವಾಹನದ ಸವಾರನಿಗೆ ಹೆಲ್ಮೆಟ್ಟು ಸಾವಿನ ಸಂಭವವನ್ನು ಸುಮಾರು ಶೇಕಡ 42ರಷ್ಟೂ ತಲೆಯ ಗಾಯವನ್ನು ಶೇಕಡ 69ರಷ್ಟೂ ಕಡಿಮೆ ಮಾಡುವುದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ.

ಬ್ರೇಕಿಗೂ ಬೆಲ್ಟಿಗೂ ಈ ಅಂತರ ಏಕೆ? ನಮಗೆ ತೋರುವ ಉತ್ತರ ಇದು. ಒಳ್ಳೆಯ ಬ್ರೇಕಿನ ಪ್ರಯೋಜನ ದಿನಕ್ಕೆ ನೂರು ಸಲ ಚಾಲಕನ ಪಾದಕ್ಕೆ ತಿಳಿಯುತ್ತದೆ. ತಿಳಿದುದನ್ನು ಅವನು ಬಳಸಿಕೊಳ್ಳುತ್ತಾನೆ. ಬೆಲ್ಟಿನ ಪ್ರಯೋಜನ ಅಪಘಾತವಾಗುವವರೆಗೂ ತಿಳಿಯದು. ಡಿಕ್ಕಿಯಾದಾಗ ಮಡಚಿಕೊಂಡು ಎದೆಯನ್ನು ಉಳಿಸುವ ಸ್ಟಿಯರಿಂಗ್ ಕಂಬ ತನ್ನ ಕಾರಿನಲ್ಲಿ ಇದೆಯೆಂಬುದೇ ಎಷ್ಟೋ ಮಂದಿಗೆ ಗೊತ್ತಿಲ್ಲ. ಗೊತ್ತಿಲ್ಲದುದನ್ನು ನೆಚ್ಚಿಕೊಂಡು ಯಾರೂ ವೇಗ ಹೆಚ್ಚಿಸಲಾರರು. ಅಳುಕಿನ ಮೇಲೆ ಕಟ್ಟಿದ ಉಪಾಯ ಅಳುಕು ಇರುವಷ್ಟು ದಿನ ಬಾಳುತ್ತದೆ. ಚಾಲಕನ ಗಮನಕ್ಕೆ ಬಾರದೆ ಅವನ ತಪ್ಪಿನ ಫಲವನ್ನು ಮಾತ್ರ ತಗ್ಗಿಸುವ ಉಪಾಯ ಹಾಗೆ ಸವೆಯುವುದಿಲ್ಲ.

ಸ್ವೀಡನ್ 1997ರಲ್ಲಿ ತನ್ನ ರಸ್ತೆನೀತಿಯನ್ನು ಬದಲಾಯಿಸಿದುದು ಈ ದಿಕ್ಕಿನಲ್ಲಿಯೇ. ಮನುಷ್ಯನು ತಪ್ಪು ಮಾಡಿಯೇ ಮಾಡುವನು, ಅದಕ್ಕೆ ಮರಣದಂಡನೆ ಆಗಬಾರದು ಎಂಬುದು ಆ ನೀತಿಯ ತಿರುಳು. ಸಾವಿನ ಸಂಖ್ಯೆ ಸೊನ್ನೆಗೆ ಇಳಿಯಬೇಕೆಂಬ ಗುರಿಯನ್ನು ಸಂಸತ್ತೇ ಅಂಗೀಕರಿಸಿತು. ವೇಗಮಿತಿಯನ್ನು ಎಂಜಿನ್ನಿನ ಶಕ್ತಿಯಿಂದಲ್ಲ, ಮೂಳೆಮಾಂಸಗಳು ತಾಳಬಲ್ಲ ಪೆಟ್ಟಿನಿಂದ ಲೆಕ್ಕ ಹಾಕಿದರು. ಜನ ನಡೆದಾಡುವ ಕಡೆ ಗಂಟೆಗೆ 30 ಕಿಲೋಮೀಟರ್. ಕಾರುಗಳು ಪಕ್ಕದಿಂದ ಬಡಿಯಬಹುದಾದ ಕೂಡುರಸ್ತೆಗಳಲ್ಲಿ 50. ಎದುರುಬದುರಾಗಿ ಡಿಕ್ಕಿಯಾಗಬಹುದಾದ ಕಡೆ 70. ಅದಕ್ಕಿಂತ ವೇಗ ಬೇಕೆಂದರೆ ನಡುವೆ ತಡೆ ಇರಲೇಬೇಕು. ಕಿರಿದಾದ ಹೆದ್ದಾರಿಗಳ ನಡುವೆ ಉಕ್ಕಿನ ಹಗ್ಗದ ಬೇಲಿಯನ್ನು ಎಳೆದರು. ತೂಕಡಿಸಿದವನ ಕಾರು ಬೇಲಿಗೆ ಉಜ್ಜಿ ನಿಲ್ಲುತ್ತದೆ, ಎದುರಿನ ಲಾರಿಯ ಕೆಳಗೆ ಹೋಗುವುದಿಲ್ಲ. ಚಲನಶಕ್ತಿಯು ವೇಗದ ವರ್ಗದಂತೆ ಏರುವುದೆಂಬುದನ್ನು ನಾವೆಲ್ಲ ಓದಿದ್ದೇವೆ. ಸಾವುಗಳು ಅದಕ್ಕೂ ಮಿಗಿಲಾಗಿ ಏರುತ್ತವೆ. ಸರಾಸರಿ ವೇಗ ಶೇಕಡ 1 ಏರಿದರೆ ಸಾವು ತರುವ ಅಪಘಾತಗಳು ಶೇಕಡ 4ರಷ್ಟು ಏರುತ್ತವೆಂಬುದು ಅಲ್ಲಿನ ಯೊರಾನ್ ನಿಲ್ಸನ್ನನ ಸೂತ್ರ. 1966ರಲ್ಲಿ 1,313 ಜನರನ್ನು ಕಳೆದುಕೊಂಡಿದ್ದ ಆ ದೇಶದ ರಸ್ತೆಗಳಲ್ಲಿ 2020ರಲ್ಲಿ ಸತ್ತವರು 204 ಮಂದಿ. ಈ ನಡುವೆ ವಾಹನಗಳ ಸಂಖ್ಯೆ ಎಷ್ಟು ಪಾಲು ಬೆಳೆದಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇನ್ನು ನಮ್ಮ ದೇಶದ ಮಾತು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ದಿನವೊಂದಕ್ಕೆ 460ಕ್ಕೂ ಮಿಕ್ಕು. ಅತಿವೇಗವೇ ಇವುಗಳಲ್ಲಿ ಬಹುಪಾಲಿಗೆ ಕಾರಣವೆಂದು ಅದೇ ವರದಿ ಎಣಿಸಿದೆ. ನಮ್ಮ ಕಾಯಿದೆ ಸಡಿಲವಾದುದೇನೂ ಅಲ್ಲ. ಮದ್ಯಸಾರಕ್ಕೆ ಇಲ್ಲಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಮು, ಬ್ರಿಟನ್ನಿನ 80ಕ್ಕಿಂತ ಎಷ್ಟೋ ಬಿಗಿಯಾದುದು. 2019ರ ಸೆಪ್ಟೆಂಬರ್ 1ರಿಂದ ದಂಡಗಳನ್ನೂ ಹಲವು ಪಟ್ಟು ಏರಿಸಲಾಯಿತು. ಜನ ಗೊಣಗಿದರು, ಅದೇ ತಿಂಗಳಲ್ಲಿ ಕರ್ನಾಟಕ ಸರಕಾರ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ಟಿಲ್ಲದವನಿಗೆ 1,000 ರೂಪಾಯಿ ಇದ್ದುದು 500 ಆಯಿತು. ಸಾವಿರವೋ ಐನೂರೋ ಎಂಬ ಚರ್ಚೆಯಲ್ಲಿ ಬೆಕಾರಿಯ ಕೇಳಬಹುದಾಗಿದ್ದ ಪ್ರಶ್ನೆಯನ್ನು ಕೇಳಿದವರು ವಿರಳ: ನೂರು ಸಲ ತಪ್ಪು ಮಾಡಿದವನು ಎಷ್ಟು ಸಲ ಸಿಕ್ಕಿಬೀಳುತ್ತಾನೆ?

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ನೋಡಿ. ಸುಮಾರು 118 ಕಿಲೋಮೀಟರ್ ಉದ್ದ, ನಡುವೆ ವಿಭಜನೆ, ಬದಿಗೆ ಬೇಲಿ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಪೇಟೆಯಲ್ಲಿ ತಡವರಿಸುತ್ತಿದ್ದ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತು. ಹಳೆಯ ರಸ್ತೆಯಲ್ಲಿ ಚಾಲಕನನ್ನು ಅಳುಕಿಸುತ್ತಿದ್ದುದೆಲ್ಲವೂ ಇಲ್ಲಿ ಮಾಯವಾಗಿತ್ತು. ಮೊದಲ ತಿಂಗಳುಗಳಲ್ಲಿಯೇ ಸಾವಿನ ಸುದ್ದಿಗಳು ಒಂದರ ಮೇಲೊಂದು ಬಂದುವು. ಆಗಸ್ಟ್ 1ರಿಂದ ಮುಖ್ಯಪಥದಲ್ಲಿ ದ್ವಿಚಕ್ರ ವಾಹನ, ಆಟೊರಿಕ್ಷಾ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ಗಂಟೆಗೆ 100 ಕಿಲೋಮೀಟರಿನ ಮಿತಿಯನ್ನು ಜಾರಿಗೊಳಿಸಲು ಪೊಲೀಸರು ವೇಗ ಅಳೆಯುವ ಉಪಕರಣಗಳನ್ನು ಹಿಡಿದು ನಿಂತರು. ಮುಂದೆ ಕ್ಯಾಮರಾಗಳೂ ಬಂದುವು. ಸಾವುಗಳು 2024ರಲ್ಲಿ ಬಹಳವಾಗಿ ಇಳಿದುವು. ಇದರಲ್ಲಿ ನಿಷೇಧದ ಪಾಲೆಷ್ಟು, ಕ್ಯಾಮರಾದ ಪಾಲೆಷ್ಟು ಎಂಬುದನ್ನು ರಾಸ್ ಮಾಡಿದಂತೆ ಗಂಟೆಗಂಟೆಗೂ ವಾಹನವಾಹನಕ್ಕೂ ಬಿಡಿಸಿ ನೋಡುವುದು ಯಾವನಾದರೂ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗೆ ಒಳ್ಳೆಯ ಕೆಲಸವಾದೀತು. ಪೊಲೀಸನು ಊಟಕ್ಕೆ ಹೋಗುತ್ತಾನೆ, ಕ್ಯಾಮರಾ ಹೋಗುವುದಿಲ್ಲ. ಬ್ರಿಟನ್ನಿನ ನಳಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಕೆಟ್ಟುನಿಂತ ಕ್ಯಾಮರಾ ಎಲ್ಲಿದೆಯೆಂಬುದನ್ನೂ ಜನ ಬೇಗನೆ ಕಲಿಯುತ್ತಾರೆ.

ಆದರೆ ಸ್ವೀಡನ್ನಿನ ಲೆಕ್ಕ ಬಹುಮಟ್ಟಿಗೆ ಕಾರಿನ ಲೆಕ್ಕ. 2022ರಲ್ಲಿ ನಮ್ಮಲ್ಲಿ ಸತ್ತವರಲ್ಲಿ ಶೇಕಡ 44ಕ್ಕೂ ಮಿಕ್ಕು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಅವರಿಗೆ ಬೆಲ್ಟಿಲ್ಲ, ಮಡಚುವ ಕಂಬವಿಲ್ಲ, ಇರುವುದು ಹೆಲ್ಮೆಟ್ಟೊಂದೇ. ಅದನ್ನಾದರೂ ನಾವು ಧರಿಸುವ ಬಗೆಯನ್ನು ನೋಡಬೇಕು. ಗದ್ದದ ಪಟ್ಟಿಯನ್ನು ಬಿಗಿಯದೆ ತಲೆಯ ಮೇಲೆ ಇಟ್ಟುಕೊಂಡುದು, ಬಟ್ಟಲಿನಂಥ ತೆಳು ಪ್ಲಾಸ್ಟಿಕ್ಕಿನದು, ಮೊಳಕೈಗೆ ತಗುಲಿಸಿಕೊಂಡುದು. ಇವುಗಳನ್ನು ಧರಿಸಿರುವುದು ಪೊಲೀಸನಿಗಾಗಿ, ರಸ್ತೆಗಾಗಿ ಅಲ್ಲ. ಬಿಗಿಯದ ಹೆಲ್ಮೆಟ್ಟು ಬಿದ್ದವನ ತಲೆಗಿಂತ ಮುಂಚೆ ನೆಲವನ್ನು ಸೇರುತ್ತದೆ.

ಪೊಲೀಸನೂ ಇಲ್ಲದೆ, ಕ್ಯಾಮರಾವೂ ಇಲ್ಲದೆ, ಹಗಲಿರುಳೂ ವೇಗವನ್ನು ತಗ್ಗಿಸುವ ಸಾಧನವೊಂದು ನಮ್ಮ ಊರೂರಿನಲ್ಲಿಯೂ ಇದೆ: ರಸ್ತೆಯ ಉಬ್ಬು. ಇದರ ಅಳತೆಯನ್ನು 1973ರಲ್ಲಿ ಬ್ರಿಟನ್ನಿನ ವಾಟ್ಸ್ ಎಂಬ ಸಂಶೋಧಕನು ಪ್ರಯೋಗಗಳಿಂದ ಕಂಡುಹಿಡಿದನು. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಚಿಕ್ಕ ರಸ್ತೆಗಳಿಗಾಗಿ ಪ್ರಕಟಿಸಿದ ಸೂತ್ರವೂ ಅದಕ್ಕೆ ಹತ್ತಿರವಾದುದೇ. ಉಬ್ಬಿನ ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್, ಅದರ ಮೇಲ್ಮೈ 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು. ಗಂಟೆಗೆ 25 ಕಿಲೋಮೀಟರಿನಲ್ಲಿ ಬರುವವನಿಗೆ ಅದು ತೊಟ್ಟಿಲು ತೂಗಿದಂತೆ. 50ರಲ್ಲಿ ಬರುವವನನ್ನು ಆಸನದಿಂದ ಎತ್ತಿಹಾಕುತ್ತದೆ. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಹುಟ್ಟಿಕೊಳ್ಳುವ ಉಬ್ಬುಗಳು ಈ ಅಳತೆಗೆ ಹೊಂದುವುವೆ? ವಾಹನಗಳಿಲ್ಲದ ಹೊತ್ತು ನೋಡಿ, ಒಬ್ಬರನ್ನು ಕಾವಲು ನಿಲ್ಲಿಸಿ, ಒಂದು ದಾರವನ್ನೂ ಅಳತೆಪಟ್ಟಿಯನ್ನೂ ಹಿಡಿದು ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಅಗಲದ ವರ್ಗವನ್ನು ಎತ್ತರದ ಎಂಟರಷ್ಟರಿಂದ ಭಾಗಿಸಿದರೆ ತ್ರಿಜ್ಯ ಬರುತ್ತದೆ. 3.7ರ ವರ್ಗ 13.69, ಅದನ್ನು 0.8ರಿಂದ ಭಾಗಿಸಿದರೆ 17ಕ್ಕೆ ತುಸು ಮಿಕ್ಕು. ಒಂದು ಮೀಟರ್ ಅಗಲ, ಅದೇ 10 ಸೆಂಟಿಮೀಟರ್ ಎತ್ತರದ ಉಬ್ಬಾದರೆ ತ್ರಿಜ್ಯ ಕೇವಲ ಒಂದೂಕಾಲು ಮೀಟರ್. ಅಂಥ ಉಬ್ಬಿಗೆ ಬಿಳಿ ಬಣ್ಣವನ್ನೂ ಬಳಿಯದೆ, ಮುಂದೆ ಫಲಕವನ್ನೂ ನಿಲ್ಲಿಸದೆ ಇದ್ದರೆ, ರಾತ್ರಿಯ ಹೊತ್ತು ನಿಧಾನವಾಗಿಯೇ ಬಂದ ಸ್ಕೂಟರಿನ ಸವಾರನೂ ಹಿಂಬದಿಯಲ್ಲಿ ಕುಳಿತವರೂ ಅದರ ಮೇಲೆ ಬಿದ್ದಾರು.